ಎರಡು ಸಲ ಟೊಮೆಟೊ ಹಾಳಾಯಿತು, ಕೈಬಿಡಲಾ?

ವಿಜಯಪುರದಲ್ಲಿ ಮನೆ ಹಿಂದೆ ಎರಡು ಸಲ ಟೊಮೆಟೊ ಹಚ್ಚಿದಿರಿ, ಎರಡೂ ಸಲ ಹೋಯಿತು, ಇನ್ನು ಬಿಟ್ಟುಬಿಡಲಾ ಎಂದು ಕೇಳಿದ್ದೀರಿ. ಬಿಡಬೇಡಿ. ಹಾಗಂತ ಅದೇ ಬೀಜ, ಅದೇ ತಿಂಗಳು, ಅದೇ ಮಡಿ ಅಂತ ಮೂರನೇ ಸಲ ಹಟಕ್ಕೆ ಬೀಳಲೂ ಬೇಡಿ.

ನಾನು ಬಾಗಲಕೋಟೆ ಜಿಲ್ಲೆಯವನು, ತರಕಾರಿ ಬೆಳೆಯುತ್ತೇನೆ. ನಮ್ಮದೂ ಎರೆಭೂಮಿ. ಬೆಳೆ ಕೈಕೊಟ್ಟಾಗ ನಾನು ಮೊದಲು ಮಾಡುವ ಕೆಲಸ ಒಂದೇ. ಸತ್ತ ಗಿಡದ ಸುತ್ತ ಮಣ್ಣು ಸಡಿಲಿಸಿ, ಬೇರು ಹರಿಯದಂತೆ ಎತ್ತಿ, ನೀರಲ್ಲಿ ತೊಳೆದು ನೋಡುತ್ತೇನೆ. ಬೇರು ಕಂದಾಗಿ, ಹಿಡಿದೆಳೆದರೆ ಸಿಪ್ಪೆ ಜಾರಿ ಕೈಗೆ ಬಂದರೆ ಕೊಳೆತಿದೆ ಎಂದರ್ಥ. ಎರೆಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಬೆರಳುದ್ದ ಕೆಳಗೆ ಹಸಿ ಹಾಗೇ ಇರುತ್ತದೆ. ಮೇಲಿನದನ್ನು ನೋಡಿ ದಿನಾ ನೀರು ಹಾಕಿದರೆ ಬೇರು ಉಸಿರಾಡುವುದು ಹೇಗೆ? ಮಡಿ ಎತ್ತರಿಸಿ, ಬೆರಳು ಇಳಿಸಿ ನೋಡಿ ನೀರು ಕೊಡಿ. ಬೇರಿನ ತುಂಬ ಗಂಟುಗಳಿದ್ದರೆ ಜಂತುಹುಳು, ಅಂದರೆ ಮಣ್ಣಲ್ಲಿದ್ದು ಬೇರಿಗೆ ಹೊಕ್ಕುವ ಕಣ್ಣಿಗೆ ಕಾಣದ ಹುಳು. ಆ ಜಾಗದಲ್ಲಿ ಸದ್ಯ ಟೊಮೆಟೊ, ಬದನೆ ಬೇಡ, ಈ ಹುಳು ತಗ್ಗಲು ಚೆಂಡುಹೂವು ಹಚ್ಚಿ.

ಬೇರು ಚೆನ್ನಾಗಿದ್ದು ಎಲೆ ಮುದುಡಿತ್ತೇ? ಗಿಡ ಅಲ್ಲಾಡಿಸಿದಾಗ ಸಣ್ಣ ಬಿಳಿ ನೊಣ ಎದ್ದಿದ್ದರೆ ಎಲೆ ಮುಟುರು ನಂಜು (ಎಲೆ ಮುದುಡಿಸುವ ವೈರಸ್ ರೋಗ) ಅದರಿಂದಲೇ ಬಂದಿರಬೇಕು. ಈ ನಂಜಿಗೆ ಔಷಧಿ ಇಲ್ಲ, ಅಂಗಡಿಯವರು ಏನೇ ಕೊಡಲಿ. ಅಂಥ ಗಿಡ ಕಿತ್ತುಹಾಕಿ. ಮುಂದಿನ ಸಲ ಸಸಿಮಡಿಯ ಮೇಲೆ ಸಣ್ಣ ಕಣ್ಣಿನ ಬಲೆ ಕಟ್ಟಿ, ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಹಾಕಿ. ಈ ನಂಜನ್ನು ತಡೆಯುವ ಶಕ್ತಿ ಅದಕ್ಕಿದೆ.

ಹೂ ಬಂದು ಉದುರಿದ್ದರಂತೂ ಬೇಜಾರೇ ಬೇಡ. ಬಿಸಿಲು 35 ಡಿಗ್ರಿ ದಾಟಿದರೆ ಟೊಮೆಟೊ ಕಾಯಿ ಕಚ್ಚುವುದು ಕಷ್ಟ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳು 40ರ ಆಸುಪಾಸೇ ಅಲ್ವಾ? ಅದು ನಿಮ್ಮ ತಪ್ಪಲ್ಲ, ಕಾಲ ಸರಿ ಇರಲಿಲ್ಲ ಅಷ್ಟೇ. ಮಳೆ ಹಿಡಿದ ಮೇಲೆ ಸಸಿ ಮಾಡಿ, ಇಲ್ಲವೇ ಸೆಪ್ಟೆಂಬರ್‌ನಲ್ಲಿ ಮಾಡಿ.

ಅಲ್ಲಿಯವರೆಗೆ ಮಡಿ ಖಾಲಿ ಬಿಡಬೇಡಿ, ಮನಸ್ಸು ಮುರಿಯುವುದೇ ಖಾಲಿ ಮಡಿ ನೋಡಿ. ಸ್ವಲ್ಪ ನೆರಳಿರುವ ಕಡೆ ಮೆಂತ್ಯ ಚೆಲ್ಲಿ. ತಿಂಗಳಲ್ಲಿ ಕೈಗೆ ಬರುತ್ತದೆ, ಬಿಸಿ ರೊಟ್ಟಿ ಜೊತೆ ಹಸಿದೇ ತಿನ್ನಬಹುದು. ಟೊಮೆಟೊ ಗಿಡ ಇನ್ನೂ ಕಿತ್ತಿರದಿದ್ದರೆ ಬೇರು, ಎಲೆಯ ಹಿಂಬದಿ ಎರಡರ ಫೋಟೊ ಕಳಿಸಿ, ನೋಡಿ ಹೇಳುತ್ತೇನೆ.