ಮೂತ್ರ ಮೊದಲಿನಂತಾಯಿತು, ಮಾತ್ರೆ ಕೆಲಸ ನಿಲ್ಲಿಸಿತಾ?

ಬಿಪಿ ಇಳಿಸಲು ಕೊಡುವ, ಮೂತ್ರ ಹೆಚ್ಚಿಸುವ ಥಯಾಜೈಡ್ ಮಾತ್ರೆ ಶುರು ಮಾಡಿದಾಗ ಪದೇ ಪದೇ ಮೂತ್ರ ಬರುತ್ತಿತ್ತು, ಎರಡು ತಿಂಗಳಾದ ಮೇಲೆ ಮೊದಲಿನಷ್ಟೇ ಆಗಿದೆ, ಇನ್ನೂ ಕೆಲಸ ಮಾಡುತ್ತಿದೆಯಾ ಅಂತ ಕೇಳಿದ್ದೀರಿ. ಬಿಪಿ ಇಳಿದೇ ಇದೆ ಅಂದಿರಲ್ವಾ, ಹಾಗಾದರೆ ಮಾಡುತ್ತಿದೆ.

ಉಪ್ಪು ತಿಂದರೆ ಬಿಪಿ ಏರುವವರಲ್ಲಿ ತೊಡಕು ಹೆಚ್ಚಾಗಿ ಕಿಡ್ನಿಯದು. ತಿಂದಷ್ಟು ಸೋಡಿಯಂ ಹೊರಹಾಕಲು ಅದಕ್ಕೆ ಜಾಸ್ತಿ ಒತ್ತಡ ಬೇಕು. ಕಿಡ್ನಿಯ ಸಣ್ಣ ನಾಳಗಳಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ರಕ್ತಕ್ಕೆ ವಾಪಸ್ ಸೇರುವ ಒಂದು ದಾರಿಯನ್ನು ಥಯಾಜೈಡ್ ತಡೆಯುತ್ತದೆ. ಆಗ ಕಡಿಮೆ ಒತ್ತಡದಲ್ಲೇ ಉಪ್ಪು ಹೊರಹೋಗುತ್ತದೆ.

ಮೊದಲ ದಿನಗಳಲ್ಲಿ ಉಪ್ಪಿನ ಜೊತೆ ನೀರೂ ಹೋಗಿ ರಕ್ತದ ಪ್ರಮಾಣ ಇಳಿಯುತ್ತದೆ. ದೇಹ ಸುಮ್ನೆ ಕೂರುವುದಿಲ್ಲ. ರೆನಿನ್, ಆಲ್ಡೋಸ್ಟೆರಾನ್ ಎಂಬ ಹಾರ್ಮೋನುಗಳನ್ನು ಏರಿಸಿ ಉಪ್ಪನ್ನು ಹಿಡಿದಿಡಲು ನೋಡುತ್ತದೆ. ಕೆಲವು ವಾರಗಳಲ್ಲಿ ಹೊಸ ಸಮತೋಲನ ಬಂದು, ಒಳಗೆ ಹೋದಷ್ಟೇ ಹೊರಗೆ ಹೋಗುತ್ತದೆ. ಅದಕ್ಕೇ ಮೂತ್ರ ಮಾಮೂಲಿಯಾಗುವುದು. ರಕ್ತದ ಪ್ರಮಾಣವೂ ಬಹುತೇಕ ಮೊದಲಿನಂತಾಗುತ್ತದೆ. ಆದರೂ ಬಿಪಿ ಏರುವುದಿಲ್ಲ, ಯಾಕೆಂದರೆ ಅಷ್ಟರಲ್ಲಿ ರಕ್ತನಾಳಗಳ ಬಿಗಿತ ಕಡಿಮೆಯಾಗಿರುತ್ತದೆ. ಅದು ಹೇಗೆ ಅನ್ನುವ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ಇದೆ. ನನಗಂತೂ ಈ ಔಷಧದಲ್ಲಿ ಅತಿ ಕುತೂಹಲದ ಭಾಗ ಇದೇ.

ಮಾತ್ರೆ ಇದೆಯಲ್ಲ ಅಂತ ಉಪ್ಪು ಜಾಸ್ತಿ ಮಾಡಬೇಡಿ. ಅದರಿಂದ ಪರಿಣಾಮ ಕುಗ್ಗುತ್ತದೆ, ಪೊಟ್ಯಾಸಿಯಂ ನಷ್ಟವೂ ಹೆಚ್ಚುತ್ತದೆ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳೂ ಇದಕ್ಕೆ ಅಡ್ಡಿ. ಮೂತ್ರ ಕಡಿಮೆಯಾಯಿತೆಂದು ನೀವಾಗಿಯೇ ಡೋಸ್ ಏರಿಸಬೇಡಿ. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ನೋಡಿಸಿಲ್ಲದಿದ್ದರೆ ಮುಂದಿನ ಸಲ ಡಾಕ್ಟರನ್ನು ಕೇಳಿ.