ಎರಡು ತಾಳ, ಒಂದೇ ಹಾಡು

ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್‌ನ ‘ಐನ್ ಫೆಸ್ಟೆ ಬುರ್ಗ್’ (ಅಂದರೆ ‘ಭದ್ರ ಕೋಟೆ’) ಅನ್ನುವ ಕ್ರೈಸ್ತ ಭಕ್ತಿಹಾಡನ್ನು ಎರಡು ಬೇರೆ ತಾಳಗಳಲ್ಲಿ ಕೇಳಿದ್ದೀರಿ, ಯಾವುದು ಮೂಲ ಅಂತ ಕೇಳಿದ್ದೀರಲ್ಲ. ಕುಪ್ಪಳಿಸುವ ಹಾಗೆ ಉದ್ದ-ಗಿಡ್ಡ ಸ್ವರಗಳಿರುವುದೇ ಹಳೆಯದು. ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಸಮನಾಗಿ ನಡೆಯುವುದು ಆಮೇಲೆ ರೂಢಿಗೆ ಬಂದದ್ದು. ಜರ್ಮನ್ ಸಂಗೀತಕಾರ ಬಾಖ್ ತನ್ನ 80ನೇ ಕ್ಯಾಂಟಾಟಾದ (ವಾದ್ಯಗಳ ಜೊತೆ ಹಾಡುವ ಚರ್ಚಿನ ಗಾಯನ ಕೃತಿ) ಕೊನೆಗೆ ಇಟ್ಟಿರುವುದು ಈ ಸಮನಾದ ನಡೆಯನ್ನೇ. ಹಾಗಾಗಿ ಅದನ್ನು ತಪ್ಪು ಅನ್ನಲಾಗದು. ನನಗಂತೂ ಹಳೆಯದೇ ಇಷ್ಟ. ಸಮ ತಾಳದಲ್ಲಿ ಜನ ಎಳೆದೆಳೆದು ಹಾಡಿ ನಿದ್ದೆ ಬರಿಸುತ್ತಾರೆ!

ಕಲಿಸುವಾಗ ಮೊದಲ ಸಾಲು ನೋಡಿಕೊಳ್ಳಿ. ಮೇಲಿನ ಷಡ್ಜದಲ್ಲೇ ಮೂರು ಸಲ ಬಾಗಿಲು ತಟ್ಟಿದ ಹಾಗೆ ಶುರುವಾಗುತ್ತದೆ. ಎರಡನೇ ಸಾಲಿನ ಕೊನೆಗೆ ಕೆಳಗಿನ ಷಡ್ಜಕ್ಕೆ ಇಳಿದಿರುತ್ತದೆ. ಶ್ರುತಿ ಜಾಸ್ತಿ ಏರಿಸಿದರೆ ಆ ಮೂರು ಸ್ವರಕ್ಕೇ ಗಂಟಲು ಕಟ್ಟುತ್ತದೆ.

ಇನ್ನು, ಈ ಹಾಡಿಗೆ ಆಧಾರವಾದ ಬೈಬಲಿನ 46ನೇ ಕೀರ್ತನೆಯಲ್ಲಿ ಸೈತಾನನೇ ಇಲ್ಲ, ಹಾಡಿನಲ್ಲಿ ಎಲ್ಲಿಂದ ಬಂದ ಅನ್ನುವ ಪ್ರಶ್ನೆ. ಸರಿಯಾಗಿಯೇ ಗಮನಿಸಿದ್ದೀರಿ. ಇದು ಸಾಲಿಗೆ ಸಾಲು ಅನುವಾದ ಅಲ್ಲ. ಕೀರ್ತನೆಯ ಅಲುಗುವ ಬೆಟ್ಟ, ಮೊರೆಯುವ ಸಮುದ್ರ ಯಾವುದೂ ಹಾಡಿನಲ್ಲಿ ಇಲ್ಲ. ಲೂಥರ್ ಆಶ್ರಯ ಕೊಡುವ ದೇವರನ್ನು ಕೋಟೆ ಮಾಡಿಕೊಂಡು, ಅದರ ಸುತ್ತ ಸೈತಾನನ ಜೊತೆಗಿನ ಯುದ್ಧ ಕಟ್ಟಿದ. ಆದರೆ ಎರಡನೇ ಚರಣದಲ್ಲಿ ಕ್ರಿಸ್ತನನ್ನು ‘ಹೆರ್ ಝೆಬಾವೊಟ್’ ಅನ್ನುತ್ತಾನೆ, ಅಂದರೆ ಸೇನೆಗಳ ಒಡೆಯ. ಕೀರ್ತನೆಯ 7 ಮತ್ತು 11ನೇ ವಚನಗಳಲ್ಲಿ ಪಲ್ಲವಿಯ ಹಾಗೆ ಬರುವ ಹೆಸರೇ ಅದು, ಅಲ್ವಾ?