ಗಾಜಿಗೆ ಅಂಟಿದ ಮೌರ್ನಿಂಗ್ ಗೆಕೊ ಮೊಟ್ಟೆ ಕೀಳಬೇಡಿ

ನಿಮ್ಮ ಮೌರ್ನಿಂಗ್ ಗೆಕೊ (ಮನೇಲಿ ಸಾಕೋ ಪುಟ್ಟ ಹಲ್ಲಿ) ತೊಟ್ಟಿಯ ಗಾಜಿಗೆ ಅಂಟಿಸಿದ ಮೊಟ್ಟೆನ ಬ್ಲೇಡಲ್ಲಿ ಅರ್ಧ ಎಬ್ಬಿಸಿದ್ದೀನಿ, ಪೂರ್ತಿ ಎಬ್ಬಿಸಿ ಇನ್‌ಕ್ಯುಬೇಟರಿಗೆ ಹಾಕ್ತೀನಿ ಅಂತ ಪೋಸ್ಟಲ್ಲಿ ಬರೆದಿದ್ದೀರಲ್ಲ, ದಯವಿಟ್ಟು ಆ ಬ್ಲೇಡ್ ಕೆಳಗಿಡಿ. ಇಲ್ಲಿ ಟೆಕ್ಸಾಸಲ್ಲಿ ಇವನ್ನ ಸಾಕೋಕೆ ಶುರು ಮಾಡಿದ ಮೊದಲ ವರ್ಷ ನಾನೂ ಇದನ್ನೇ ಮಾಡಿದ್ದೆ. ಕಡಲೆಕಾಳಿನಷ್ಟು ಮೊಟ್ಟೆ, ಎಷ್ಟು ಹುಷಾರಾಗಿ ಕೆರೆದರೂ ಒಂದು ಬದಿ ಚಿಪ್ಪು ಗಾಜಲ್ಲೇ ಉಳೀತು. ಒಳಗಿದ್ದ ಮರಿಗೆ ಕಣ್ಣು ಮೂಡಿತ್ತು. ನೆನೆಸಿಕೊಂಡ್ರೆ ಈಗಲೂ ಸಂಕಟ.

ಇಡುವಾಗ ಮೊಟ್ಟೆ ಮೆತ್ತಗೆ, ಅಂಟಂಟು. ಗಟ್ಟಿಯಾದ ಮೇಲೆ ಅದು ಗೋಡೆಯ ಭಾಗವೇ. ಪೆಸಿಫಿಕ್ ದ್ವೀಪಗಳಲ್ಲಿ ಮರದ ಬಿರುಕು, ತೊಗಟೆ ಸಂದಿಗೆ ಅಂಟಿಸಿಡೋ ಜಾತಿ ಇದು.

ನನಗೆ ಕೈಹಿಡಿದದ್ದು ಚಟ್ನಿ ಕಪ್. ಸಣ್ಣ ಪ್ಲಾಸ್ಟಿಕ್ ಕಪ್ಪಿಗೆ ಕಾಯಿಸಿದ ಸೂಜೀಲಿ ತೂತು ಹಾಕಿ, ಮೊಟ್ಟೆ ಮೇಲೆ ಮಗುಚಿ, ಸುತ್ತ ಟೇಪ್ ಹಾಕಿ. ಟೇಪಿನ ಅಂಚು ಎದ್ದಿರಬಾರದು, ಹಲ್ಲಿ ಅಂಟಿಕೊಂಡ್ರೆ ಚರ್ಮ ಕಿತ್ತು ಬರುತ್ತೆ. ಎರಡು ತಿಂಗಳಾದ ಮೇಲೆ ದಿನಾ ನೋಡಿ. ಮೂರು ತಿಂಗಳಾದ್ರೂ ಎಸೀಬೇಡಿ. ಒಡೆದ ದಿನವೇ ಮರಿ ಬೇರೆ ಮಾಡಿ, ದೊಡ್ಡವು ತಿಂದುಬಿಡ್ತವೆ. ಮರಿ ನುಸುಳಿ ಹೋಗದ ಹಾಗೆ ತೊಟ್ಟಿಯ ಬಾಗಿಲ ಸಂದಿ, ವೈರ್ ಹೋಗೋ ತೂತಿಗೆ ಮೊದಲೇ ಸ್ಪಂಜ್ ತುರುಕಿರಿ.

ಇನ್ನೂ ಒಳ್ಳೇದು, ಹೆಬ್ಬೆರಳು ದಪ್ಪದ ಬಿದಿರಿನ ಕೊಳವೆ ನಾಲ್ಕು ಇಡಿ. ಒಳಗೇ ಮೊಟ್ಟೆ ಇಡ್ತವೆ, ಕೊಳವೆ ಸಮೇತ ಎತ್ತಬಹುದು. ಸೀಳಿ ರಬ್ಬರ್ ಬ್ಯಾಂಡ್ ಹಾಕಿದ ಬಿದಿರು ಬೇಡ. ಸೀಳಿದ ಕಡೆಗೇ ಅಂಟಿಸಿದ್ರೆ ತೆಗೆಯುವಾಗ ಒಡೆಯುತ್ತೆ, ನನ್ನದು ಒಡೆದಿದೆ.

ನಿಮ್ಮ ಪೋಸ್ಟಿನ ಕೆಳಗೆ ಇನ್ನೊಬ್ಬರು ಗಂಡು ಎಲ್ಲಿ ಸಿಗುತ್ತೆ ಅಂತ ಕೇಳಿದ್ದಾರೆ. ಬೇಕಾಗಿಲ್ಲ! ಇವು ಹೆಚ್ಚುಕಡಿಮೆ ಎಲ್ಲ ಹೆಣ್ಣೇ, ಗಂಡಿಲ್ಲದೆ ಮೊಟ್ಟೆ ಇಟ್ಟು ಮರಿ ಮಾಡ್ತವೆ. ಹಾಗಾಗಿ ಒಂದು ತಂದ್ರೂ ತೊಟ್ಟಿ ತುಂಬುತ್ತೆ. ಬೇಡದ ಮೊಟ್ಟೆನ ಮಾತ್ರ ಇಟ್ಟ ದಿನವೇ ಕೆರೆದು ಫ್ರೀಜರಿಗೆ ಹಾಕಿ. ಜಾಸ್ತಿಯಾಯ್ತು ಅಂತ ಹಿತ್ತಲಿಗೆ ಬಿಡೋರನ್ನ ಕಂಡ್ರೆ ನನಗೆ ತಡೆಯಕ್ಕಾಗಲ್ಲ. ಫ್ಲಾರಿಡಾದಲ್ಲಿ ಆಗಲೇ ಹೊರಗಿಂದ ಬಂದು ನೆಲೆಸಿವೆ.

ಕತ್ತಿನ ಎರಡೂ ಪಕ್ಕ ಬಿಳಿ ಉಬ್ಬು ಕಂಡ್ರೆ ಗೆಡ್ಡೆ ಅಂತ ಹೆದರಬೇಡಿ, ಅದು ಚಿಪ್ಪಿಗೆ ಕೂಡಿಟ್ಟ ಕ್ಯಾಲ್ಸಿಯಂ. ಅದು ಕಾಣದೇ ಇದ್ದು ಮೊಟ್ಟೆ ಮಾತ್ರ ಬರ್ತಿದ್ರೆ ಯೋಚನೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಕ್ಯಾಲ್ಸಿಯಂ ಪುಡಿ ಹಾಕಿ ತೊಟ್ಟಿಯೊಳಗೆ ಇಡಿ. ಮಕ್ಕಳ ಬಾಳೆಹಣ್ಣಿನ ಸೀರಿಯಲ್ ಕೊಡ್ತಿದ್ರೆ ನಿಲ್ಲಿಸಿ. ಪ್ಯಾಂಜಿಯಾ ಅಥವಾ ರೆಪಾಶಿ ಕಂಪನಿಯವರು ಗೆಕೊಗೆಂದೇ ಮಾಡೋ ಹಣ್ಣಿನ ಪುಡಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ನನ್ನವು ಪ್ಯಾಂಜಿಯಾನೇ ಮೊದಲು ನೆಕ್ಕೋದು. ಮರಿಗಳಿಗೆ ಅದರ ಜೊತೆ ರೆಕ್ಕೆ ಇಲ್ಲದ ಹಣ್ಣಿನ ನೊಣ, ಅದೂ ಕ್ಯಾಲ್ಸಿಯಂ ಪುಡೀಲಿ ಹೊರಳಿಸಿ.

ಈಗ ಅರ್ಧ ಎದ್ದಿರೋ ಆ ಮೊಟ್ಟೆ ಬಿರುಕು ಬಿಟ್ಟಿಲ್ಲ ಅಂದ್ರೆ ಹಾಗೇ ಬಿಟ್ಟು ಕಪ್ ಮುಚ್ಚಿ.